ಯೋಗದಿಂದ ದೇಹ ಅಮರವಾದರೆ ಅದೇ ಮುಕ್ತಿಯೇ?

ಕಾಯಕಲ್ಪ ಶಿಬಿರಕ್ಕೆ ಕರೆದವರು "ಯೋಗದಿಂದ ಈ ದೇಹವನ್ನೇ ಅಮರ ಮಾಡಿಕೊಳ್ಳಬಹುದು, ಮೋಕ್ಷ ಅಂದರೆ ಅದೇ" ಎಂದರು, ಇದು ಶಾಸ್ತ್ರದಲ್ಲಿದೆಯಾ ಅಂತ ಕೇಳಿದ್ದೀರಿ. ಆತ್ಮಕ್ಕೆ ಹೇಗೂ ಸಾವಿಲ್ಲ ಅಂದಮೇಲೆ ದೇಹ ಉಳಿಸಿಕೊಳ್ಳುವ ಗೋಜು ಯಾಕೆ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ.

ಅವರ ಮಾತಿನ ಮೊದಲರ್ಧ ಶಾಸ್ತ್ರದಲ್ಲಿ ಇದೆ. ಎರಡನೆಯ ಅರ್ಧದ ಬಗ್ಗೆ ಯೋಗಿಗಳ ನಡುವೆಯೇ ದೊಡ್ಡ ಜಗಳ ನಡೆದಿದೆ. ಆ ಜಗಳದ ಅತ್ಯಂತ ಚೆಂದದ ರೂಪ ಸಿಗುವುದು ಕನ್ನಡದಲ್ಲಿ.

15ನೇ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯನ್ನೇ ನೋಡಿ. ಅದರ ಮೂರನೆಯ ಉಪದೇಶದ (ಅಧ್ಯಾಯದ) ತುಂಬ ಸಾವನ್ನು ಗೆಲ್ಲುವ ಮಾತೇ. ತಲೆಯೊಳಗೆ ಚಂದ್ರನಿದ್ದಾನೆ, ಅವನಿಂದ ಅಮೃತ ತೊಟ್ಟಿಕ್ಕುತ್ತದೆ, ಹೊಕ್ಕುಳ ಬಳಿಯ ಸೂರ್ಯ ಅದನ್ನೆಲ್ಲ ನುಂಗಿಬಿಡುತ್ತಾನೆ, ಅದಕ್ಕೇ ದೇಹಕ್ಕೆ ಮುಪ್ಪು. ಇದು ಅವರ ಶರೀರಶಾಸ್ತ್ರ. ಅದಕ್ಕೆ ಹೇಳುವ ಉಪಾಯಗಳಲ್ಲಿ ಎರಡನ್ನು ನೋಡಿ. ಒಂದು, ತಲೆಕೆಳಗಾಗಿ ನಿಂತು ಸೂರ್ಯ ಮೇಲೆ, ಚಂದ್ರ ಕೆಳಗೆ ಬರುವಂತೆ ಮಾಡುವ ವಿಪರೀತಕರಣಿ. ಆರು ತಿಂಗಳು ಮಾಡಿದರೆ ಸುಕ್ಕು, ನರೆ ಕಾಣುವುದಿಲ್ಲ, ದಿನಕ್ಕೆ ಒಂದು ಯಾಮ, ಅಂದರೆ ಮೂರು ಗಂಟೆ, ಮಾಡಿದವನು ಕಾಲವನ್ನೇ ಗೆಲ್ಲುತ್ತಾನೆ ಎನ್ನುತ್ತದೆ ಗ್ರಂಥ. ಇನ್ನೊಂದು, ನಾಲಿಗೆಯನ್ನು ಹಿಂದಕ್ಕೆ ಮಡಚಿ ಅಂಗುಳಿನ ಮೇಲಿನ ರಂಧ್ರಕ್ಕೆ ಸೇರಿಸುವ ಖೇಚರೀ ಮುದ್ರೆ. ಅದಕ್ಕಾಗಿ ನಾಲಿಗೆಯ ಕೆಳಗಿನ ಎಳೆಯನ್ನು ಏಳು ದಿನಕ್ಕೊಮ್ಮೆ ಕೂದಲೆಳೆಯಷ್ಟು ಕೊಯ್ಯಬೇಕು, ಗಾಯಕ್ಕೆ ಸೈಂಧವ ಉಪ್ಪು, ಅಳಲೆಕಾಯಿ ಪುಡಿ ಉಜ್ಜಬೇಕು, ಆರು ತಿಂಗಳು ಹೀಗೆ. (ದಯವಿಟ್ಟು ಮನೆಯಲ್ಲಿ ಪ್ರಯತ್ನಿಸಬೇಡಿ. ಯಾರಾದರೂ ಮಾಡಿಕೊಡುತ್ತೇನೆ ಅಂದರೂ ಬೇಡ.)

ಹಠಯೋಗಿಗಳಿಗಿಂತ ಪಟ್ಟಾಗಿ ವಾದ ಮಾಡಿದವರು ರಸವಾದಿಗಳು, ಪಾದರಸದ ಪಂಥದವರು. ವಿಜಯನಗರ ಕಾಲದ ಮಾಧವಾಚಾರ್ಯರು 14ನೇ ಶತಮಾನದಲ್ಲಿ ಬರೆದ ಸರ್ವದರ್ಶನಸಂಗ್ರಹದಲ್ಲಿ ಇವರದ್ದೂ ಒಂದು ದರ್ಶನ, ರಸೇಶ್ವರದರ್ಶನ ಅಂತ. ಇವರ ತಕರಾರು ಕೇಳಿದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಬೇರೆ ದರ್ಶನಗಳೆಲ್ಲ ದೇಹ ಬಿದ್ದ ಮೇಲೆ ಮುಕ್ತಿ ಎನ್ನುತ್ತವೆ, ಸರಿ, ಆದರೆ ಸತ್ತ ಮೇಲಿನ ಮುಕ್ತಿಯನ್ನು ಅಂಗೈ ನೆಲ್ಲಿಕಾಯಿಯಂತೆ ಕಂಡವರು ಯಾರು? ಜ್ಞಾನಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಗಟ್ಟಿ ದೇಹ ಬೇಕು. ಕೆಮ್ಮು, ದಮ್ಮು, ಮುಪ್ಪು ಹಿಡಿದವನು ಸಮಾಧಿಯಲ್ಲಿ ಕೂರುವುದು ಹೇಗೆ? ಆದ್ದರಿಂದ ಮೊದಲು ದೇಹವನ್ನು ಪಾದರಸ, ಅಭ್ರಕಗಳಿಂದ ಸ್ಥಿರ ಮಾಡಿಕೊ, ಆಮೇಲೆ ಬದುಕಿರುವಾಗಲೇ ಮುಕ್ತನಾಗು. ಪಾದರಸವನ್ನು ಮೊದಲು ಲೋಹದ ಮೇಲೆ ಪರೀಕ್ಷಿಸಿ, ಅಲ್ಲಿ ಗೆದ್ದರೆ ದೇಹಕ್ಕೆ ಪ್ರಯೋಗಿಸು ಎಂಬ ಎಚ್ಚರಿಕೆಯೂ ಇದೆ. ನನಗೆ ಈ ಜನರ ಮೇಲೆ ಗೌರವವಿದೆ. ತಪ್ಪೋ ಸರಿಯೋ, ಕಣ್ಣಿಗೆ ಕಾಣುವುದನ್ನು ತೋರಿಸಿ ಎಂದು ಕೇಳಿದರು. ಅವರಿಗೂ ದೇಹದ ಸ್ಥಿರತೆ ಮುಕ್ತಿಗೆ ಬೇಕಾದ ಸಮಯ ಗಳಿಸುವ ದಾರಿ. ದೇಹ ಗಟ್ಟಿಯಾಯಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಿತು ಅಂತ ಅವರೂ ಹೇಳಲಿಲ್ಲ.

ಯೋಗಸೂತ್ರ ಬರೆದ ಪತಂಜಲಿ ಇದಕ್ಕೂ ಬಿಗಿ. ಸಿದ್ಧಿಗಳನ್ನು ಹೇಳುವ ವಿಭೂತಿಪಾದದಲ್ಲಿ ವಜ್ರದಂಥ ಗಟ್ಟಿ ದೇಹವನ್ನು ಸಿದ್ಧಿಗಳಲ್ಲೊಂದು ಎಂದು ಒಪ್ಪುತ್ತಾನೆ. ಆದರೆ ಕೈವಲ್ಯ, ಅಂದರೆ ಆತ ಹೇಳುವ ಮುಕ್ತಿ, ಬರುವುದು ಅತಿ ದೊಡ್ಡ ಸಿದ್ಧಿಯಲ್ಲೂ ವೈರಾಗ್ಯ ಹುಟ್ಟಿದಾಗ. ಇನ್ನೂ ಮುಖ್ಯ, ಸಾವಿನ ಭಯವನ್ನು, ಹೀಗೇ ಇದ್ದುಬಿಡಬೇಕು ಎಂಬ ಅಂಟನ್ನು, ಆತ ಐದು ಕ್ಲೇಶಗಳಲ್ಲಿ (ಮನಸ್ಸನ್ನು ಕಾಡುವ ದೋಷಗಳಲ್ಲಿ) ಒಂದಾಗಿ ಎಣಿಸುತ್ತಾನೆ. ವಿದ್ವಾಂಸನಿಗೂ ಇದು ಬಿಟ್ಟಿಲ್ಲ ಎನ್ನುತ್ತಾನೆ. ಯೋಗ ಕಳೆಯಬೇಕಾದ ಕ್ಲೇಶವನ್ನೇ ಯೋಗದ ಗುರಿ ಅಂತ ಕರಪತ್ರದಲ್ಲಿ ಅಚ್ಚು ಹಾಕಿದರೆ ಪತಂಜಲಿ ಏನು ಮಾಡಬೇಕು ಹೇಳಿ.

ಪುರಾಣದ ಚಿರಂಜೀವಿಗಳ ಪಟ್ಟಿಯೂ ಇದನ್ನೇ ಹೇಳುತ್ತದೆ. ಅದರಲ್ಲಿ ಹನುಮಂತನಿದ್ದಾನೆ, ಅಶ್ವತ್ಥಾಮನೂ ಇದ್ದಾನೆ. ಹನುಮಂತನಿಗೆ ಅದು ವರ. ಅಶ್ವತ್ಥಾಮನಿಗೋ, ಮೂರು ಸಾವಿರ ವರ್ಷ ಕೀವು ಸೋರುವ ಮೈಯಲ್ಲಿ ಒಬ್ಬಂಟಿಯಾಗಿ ಅಲೆ ಎಂಬ ಶಾಪ. ಸಾಯದೆ ಇರುವುದು ಮುಕ್ತಿಯೇ ಆಗಿದ್ದರೆ ಕೃಷ್ಣ ಅದನ್ನು ಶಿಕ್ಷೆಯಾಗಿ ಕೊಡುತ್ತಿರಲಿಲ್ಲ.

ಇನ್ನು ಕನ್ನಡದ ಜಗಳಕ್ಕೆ ಬರೋಣ. ಒಂದು ಕಡೆ ಗೋರಕ್ಷನಾಥ, ಹಠಯೋಗದ ಮೂಲಪುರುಷರಲ್ಲೊಬ್ಬ. ಇನ್ನೊಂದು ಕಡೆ ಅಲ್ಲಮಪ್ರಭು. ಶೂನ್ಯಸಂಪಾದನೆಯಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಇವರಿಬ್ಬರ ಭೇಟಿ ಇದೆ. ಗೋರಕ್ಷ ತನ್ನದು ವಜ್ರಕಾಯ, ಯಾವ ಆಯುಧಕ್ಕೂ ಜಗ್ಗದು ಎಂದು ಹೇಳಿಕೊಳ್ಳುತ್ತಾನೆ, ಬೇಕಾದರೆ ಕತ್ತಿಯಿಂದ ಹೊಡೆದು ನೋಡು ಎಂದು ಸವಾಲು ಹಾಕುತ್ತಾನೆ. ಅಲ್ಲಮ ಹೊಡೆಯುತ್ತಾನೆ. ಖಣಿಲ್ ಎಂದು ಸದ್ದಾಗುತ್ತದೆ, ಮೈಗೆ ಒಂದು ಗೀರೂ ಬೀಳುವುದಿಲ್ಲ. ಗೋರಕ್ಷ ಗೆದ್ದೆ ಅಂದುಕೊಳ್ಳುವ ಹೊತ್ತಿಗೆ ಅಲ್ಲಮ ಅದೇ ಕತ್ತಿಯನ್ನು ಅವನ ಕೈಗೆ ಕೊಟ್ಟು ಈಗ ನನ್ನನ್ನು ಹೊಡೆ ಎನ್ನುತ್ತಾನೆ. ಗೋರಕ್ಷ ಬೀಸಿದ ಕತ್ತಿ ಗಾಳಿಯಲ್ಲಿ ಬೀಸಿದಂತೆ ಅಲ್ಲಮನ ಮೈಯೊಳಗೆ ಹಾದು ಆಚೆ ಬರುತ್ತದೆ. ತಡೆಯೂ ಇಲ್ಲ, ಸದ್ದೂ ಇಲ್ಲ. ಗೋರಕ್ಷ ಶರಣಾಗುತ್ತಾನೆ.

ಅಲ್ಲಮ ತನ್ನದು ಇನ್ನೂ ಗಟ್ಟಿ ಮೈ ಅಂತ ಪೈಪೋಟಿಗೆ ಇಳಿಯಲಿಲ್ಲ ಅನ್ನುವುದನ್ನು ಗಮನಿಸಿ. ಸದ್ದು ಬಂತು ಅಂದರೆ ಅಲ್ಲಿ ಹೊಡೆಸಿಕೊಳ್ಳಲು ಏನೋ ಉಳಿದಿದೆ, ಅದನ್ನು ಕಾಯುವ 'ನಾನು' ಒಬ್ಬ ಒಳಗೆ ಕೂತಿದ್ದಾನೆ. ದೇಹವನ್ನು ವಜ್ರ ಮಾಡಿದಷ್ಟೂ ಆ 'ನಾನು' ಕೂಡ ವಜ್ರವಾಗುತ್ತಾನೆ. ನಾನು ಓದಿದ ಮಟ್ಟಿಗೆ, ದೇಹಸಿದ್ಧಿಗೂ ಮುಕ್ತಿಗೂ ಇರುವ ಅಂತರವನ್ನು ಇಷ್ಟು ಕಡಿಮೆ ಮಾತಿನಲ್ಲಿ ಯಾವ ಭಾಷ್ಯವೂ ಹೇಳಿಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಹಠಯೋಗಪ್ರದೀಪಿಕೆಯ ಶುರುವಿನಲ್ಲೇ ಮಹಾಸಿದ್ಧರ ಒಂದು ಪಟ್ಟಿ ಬರುತ್ತದೆ: ಇವರೆಲ್ಲ ಹಠಯೋಗದ ಬಲದಿಂದ ಯಮದಂಡವನ್ನು ಮುರಿದು ಬ್ರಹ್ಮಾಂಡದಲ್ಲಿ ಸಂಚರಿಸುತ್ತಿದ್ದಾರೆ ಅಂತ. ಅದರಲ್ಲಿ ಮತ್ಸ್ಯೇಂದ್ರ, ಗೋರಕ್ಷ ಇರುವುದು ಸಹಜ. ಘೋಡಾಚೋಲಿ, ಟಿಂಟಿಣಿ ಎಂಬ ಹೆಸರುಗಳ ಪಕ್ಕದಲ್ಲಿ 'ಅಲ್ಲಾಮಃ ಪ್ರಭುದೇವಶ್ಚ' ಎಂದೂ ಇದೆ. ನಮ್ಮ ಅಲ್ಲಮನೇ! ಕನ್ನಡದ ಕಥೆಯಲ್ಲಿ ದೇಹಸಿದ್ಧಿಯನ್ನು ನಗೆಯಾಡಿ ಶ್ರೀಶೈಲದ ಕದಳಿಯಲ್ಲಿ ಬಯಲಾದವನನ್ನು, ಅಂದರೆ ದೇಹದ ಗುರುತೂ ಉಳಿಸದೆ ಶೂನ್ಯದಲ್ಲಿ ಬೆರೆತವನನ್ನು, ಹಠಯೋಗಿಗಳು ತಮ್ಮ ಸಾವಿಲ್ಲದವರ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ಎರಡು ಪಂಥಗಳೂ ಒಬ್ಬನನ್ನೇ ನಮ್ಮವನು ಅನ್ನುತ್ತಿದ್ದವು. ಗೋರಕ್ಷನನ್ನು ಸೋಲಿಸುವ ಕಥೆಯಲ್ಲಿ ಶರಣರ ಕಡೆಯ ಅಭಿಮಾನವೂ ಸೇರಿದೆ ಅನ್ನುವುದನ್ನು ಮರೆಯಬೇಡಿ. ಗೋರಕ್ಷನ ಪಂಥದ ನಾಥರನ್ನು ಕೇಳಿದರೆ ಬೇರೆಯೇ ಕಥೆ ಹೇಳಿಯಾರು. ಅವರೇನೂ ದೂರದವರಲ್ಲ, ಮಂಗಳೂರಿನ ಕದ್ರಿ ಗುಡ್ಡದಲ್ಲಿ ಅವರ ಜೋಗಿ ಮಠವಿದೆ, ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕದಿಂದ ಸಾಧುಗಳ ಝುಂಡಿ (ತಂಡ) ನಡೆದು ಬಂದು ಹೊಸ ಪೀಠಾಧಿಪತಿಯನ್ನು ಕೂರಿಸುತ್ತದೆ.

ಇತ್ತೀಚಿನವರ ವಿಷಯ? ತಮಿಳುನಾಡಿನ ರಾಮಲಿಂಗ ವಳ್ಳಲಾರ್ ಸಾವಿಲ್ಲದ ದೇಹವನ್ನು ನೇರವಾಗಿಯೇ ಬೋಧಿಸಿದರು. ಶುದ್ಧದೇಹ, ಪ್ರಣವದೇಹ, ಜ್ಞಾನದೇಹ ಎಂದು ಮೂರು ಹಂತ. 1874ರ ಜನವರಿ 30ರಂದು ಮೇಟ್ಟುಕುಪ್ಪಂನಲ್ಲಿ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಸಿಕೊಂಡವರು ಬೆಳಕಾಗಿ ಹೋದರು ಎಂದು ಭಕ್ತರು ನಂಬುತ್ತಾರೆ. ಆದರೆ ಅವರು ಆ ದೇಹಕ್ಕೆ ದಾರಿ ಎಂದದ್ದು ಜೀವಕಾರುಣ್ಯವನ್ನು, ಹಸಿದವರಿಗೆ ಅನ್ನ ಹಾಕುವುದನ್ನು. 1867ರಲ್ಲಿ ವಡಲೂರಿನಲ್ಲಿ ಅವರು ಹಚ್ಚಿದ ಒಲೆ ಇವತ್ತಿಗೂ ಆರಿಲ್ಲ. ಶ್ರೀ ಅರವಿಂದರು ಲೋಕ ಬಿಟ್ಟು ಹೋಗುವ ಮುಕ್ತಿ ಸಾಲದು, ದೇಹವೇ ದಿವ್ಯವಾಗಬೇಕು ಎಂದರು. ಅವರು 1950ರ ಡಿಸೆಂಬರ್ 5ರಂದು ದೇಹ ಬಿಟ್ಟರು, ಅವರ ಸಾಧನೆಯ ಜೊತೆಗಾರ್ತಿ ಶ್ರೀಮಾತೆ 1973ರಲ್ಲಿ. ಅರವಿಂದರು ಹೋದ ಅದೇ ವರ್ಷ ಏಪ್ರಿಲ್‌ನಲ್ಲಿ ರಮಣ ಮಹರ್ಷಿಗಳು ತೋಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಬಿಟ್ಟು ಹೋಗಬೇಡಿ ಎಂದು ಅತ್ತವರಿಗೆ, ನಾನು ಹೋಗುವುದಾದರೂ ಎಲ್ಲಿಗೆ, ಇಲ್ಲೇ ಇದ್ದೇನೆ ಎಂಬರ್ಥದ ಮಾತು ಹೇಳಿದರು. ರಮಣರು ಜೀವನ್ಮುಕ್ತರಲ್ಲ (ಬದುಕಿರುವಾಗಲೇ ಮುಕ್ತರಾದವರಲ್ಲ) ಎಂದು ಯಾರಾದರೂ ಕ್ಯಾನ್ಸರ್ ತೋರಿಸಿ ವಾದಿಸಿದ್ದನ್ನು ನಾನು ಕೇಳಿಲ್ಲ. ಅದ್ವೈತಿಗಳ ಲೆಕ್ಕ ಸರಳ: ಜ್ಞಾನ ಬಂದಾಗಲೇ ಮುಕ್ತಿ, ದೇಹ ಪ್ರಾರಬ್ಧ, ಅಂದರೆ ಫಲ ಕೊಡಲು ಶುರುವಾದ ಹಳೆಯ ಕರ್ಮ, ತೀರುವ ತನಕ ಇದ್ದು ಬೀಳುತ್ತದೆ.

ಹಾಗಾಗಿ ನಿಮ್ಮ ಶಿಬಿರದವರಿಗೆ ಒಂದು ಮಾತು ಕೇಳಿ ನೋಡಿ: ದೇಹ ಅಮರವಾದ ಮೇಲೆ 'ಇದು ನನ್ನದು' ಎಂಬುದು ಹೇಗೆ ಹೋಗುತ್ತದೆ? ಇದಕ್ಕೆ ಉತ್ತರವಿಲ್ಲದಿದ್ದರೆ ಅವರು ಕಲಿಸುತ್ತಿರುವುದು ಆರೋಗ್ಯ. ಆರೋಗ್ಯ ಒಳ್ಳೆಯದೇ, ಆಸನ, ಪ್ರಾಣಾಯಾಮ ಕಲಿಯಲು ಧಾರಾಳವಾಗಿ ಹೋಗಿ. ಬಿ.ಪಿ. ಅಥವಾ ಕಣ್ಣಿನ ಗ್ಲಾಕೋಮಾ ಇದ್ದರೆ ಮಾತ್ರ ಶೀರ್ಷಾಸನಕ್ಕೆ ಮೊದಲು ಡಾಕ್ಟರನ್ನು ಕೇಳಿ. ಕಾಯಕಲ್ಪ ಅಂತ ಪಾದರಸದ ಭಸ್ಮವನ್ನೋ ಗುಳಿಗೆಯನ್ನೋ ಕೊಟ್ಟರೆ ತೆಗೆದುಕೊಳ್ಳಬೇಡಿ. ಪಾದರಸ ಕಿಡ್ನಿ, ನರಗಳನ್ನು ಹಾಳು ಮಾಡುತ್ತದೆ. ಲೋಹದ ಮೇಲೆ ಮೊದಲು ಪರೀಕ್ಷೆ ಮಾಡಿ ಎಂದ ಹಳೆಯ ರಸವಾದಿಗಳ ಎಚ್ಚರವೂ ಈ ಪೊಟ್ಟಣ ಮಾರುವವರಿಗೆ ಇರುವುದಿಲ್ಲ.