ಸರ್ಕಾರದ ಸಾಲಕ್ಕೆ ಚಿನ್ನ ಗಿರವಿ ಇಟ್ಟರೆ?

ಪ್ರಶ್ನೆ: ಸರ್ಕಾರಿ ಸಾಲಪತ್ರ, ಸವರನ್ ಗೋಲ್ಡ್ ಬಾಂಡ್ ಎರಡರಲ್ಲೂ ಹಣ ಹಾಕಿದ್ದೇನೆ. ಇವುಗಳ ಹಿಂದೆ ಸರ್ಕಾರದ ಚಿನ್ನವೋ ಜಮೀನೋ ಇರುತ್ತದೆಯೇ? ಇಲ್ಲದಿದ್ದರೆ ಯಾಕೆ ಇಡುವುದಿಲ್ಲ?

ಉತ್ತರ: ಎರಡರ ಹಿಂದೆಯೂ ಗಿರವಿ ಇಟ್ಟ ಆಸ್ತಿ ಇಲ್ಲ. ಸಂವಿಧಾನದ 292ನೇ ವಿಧಿಯಂತೆ ಕೇಂದ್ರ ಸಾಲ ಎತ್ತುವುದು ಭಾರತದ ಸಂಚಿತ ನಿಧಿಯ ಭದ್ರತೆಯ ಮೇಲೆ. ರಾಜ್ಯಗಳಿಗೆ 293ನೇ ವಿಧಿ. ತೆರಿಗೆ ಬಂದು ಸೇರುವ ಖಜಾನೆಯೇ ನಿಮ್ಮ ಆಧಾರ. ಇಂಥ ಜಮೀನು ಕೊಡಿ ಎಂದು ಕೇಳುವ ಹಕ್ಕು ನಿಮಗಿಲ್ಲ.

ಗೋಲ್ಡ್ ಬಾಂಡ್ ಎಂದರೆ ಗ್ರಾಂ ಲೆಕ್ಕದಲ್ಲಿ ಬರೆದ ಸಾಲ, ಅಷ್ಟೇ. 2015ರ ನವೆಂಬರ್‌ನಲ್ಲಿ ಗ್ರಾಂಗೆ 2,684 ರೂಪಾಯಿಗೆ ಕೊಟ್ಟ ಮೊದಲ ಕಂತಿಗೆ 2023ರಲ್ಲಿ ಸರ್ಕಾರ 6,132 ರೂಪಾಯಿ ತೆರಬೇಕಾಯಿತು, ಬಡ್ಡಿ ಬೇರೆ. ಕಪಾಟಿನಲ್ಲಿ ಚಿನ್ನ ಇದ್ದಿದ್ದರೆ ಅದರ ಬೆಲೆಯೂ ಏರಿ ಲೆಕ್ಕ ಸರಿಹೋಗುತ್ತಿತ್ತು. ಇಲ್ಲದ ಕಾರಣ ಆ ವ್ಯತ್ಯಾಸವಿಡೀ ತೆರಿಗೆದಾರರ ತಲೆಗೆ ಬಂತು.

ನಿಜವಾಗಿಯೂ ಚಿನ್ನ ಒತ್ತೆ ಇಟ್ಟದ್ದು 1991ರಲ್ಲಿ. ವಿದೇಶಿ ವಿನಿಮಯ ಬರಿದಾಗುತ್ತಿದ್ದಾಗ, ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಮರಳಿ ಕೊಳ್ಳುವ ಷರತ್ತಿನೊಂದಿಗೆ ಸ್ಟೇಟ್ ಬ್ಯಾಂಕ್ ಮೂಲಕ ಮಾರಲಾಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿದೇಶಕ್ಕೆ ಸಾಗಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40 ಕೋಟಿ ಡಾಲರ್ ಪಡೆಯಿತು. ಅಂದಿನ ದರಕ್ಕೆ ಹಿಡಿದರೆ ಅದು ಚಿನ್ನದ ಮೌಲ್ಯದ ಸುಮಾರು ಮುಕ್ಕಾಲು ಪಾಲು. ಊರಿನ ಗಿರವಿ ಅಂಗಡಿಯಂತೆಯೇ, ದರ ಬಿದ್ದರೂ ಸಾಲ ಕೊಟ್ಟವರಿಗೆ ನಷ್ಟವಾಗದ ಅಂತರ. ಅದೇ ವರ್ಷ ಸಾಲ ತೀರಿತು. ದೇಶದ ಚಿನ್ನ ವಿಮಾನ ಹತ್ತಿತೆಂಬ ಸುದ್ದಿಗೆ ಜನ ನೊಂದದ್ದು ಸಹಜ. ಆದರೂ ಪಾವತಿ ತಪ್ಪದಂತೆ ಕಾಪಾಡಿದ ಆ ನಿರ್ಧಾರ ಸರಿಯಾಗಿತ್ತು ಎಂಬುದೇ ನಮ್ಮ ಅಭಿಪ್ರಾಯ.

ದಿನನಿತ್ಯದ ಸಾಲಕ್ಕೆ ಇದು ಹೊಂದದು. ಒಬ್ಬರಿಗೆ ಆಸ್ತಿ ಒತ್ತೆ ಇಟ್ಟರೆ ಸಾಲ ಕೊಟ್ಟ ಉಳಿದವರು ಸರತಿಯಲ್ಲಿ ಹಿಂದೆ ಬೀಳುತ್ತಾರೆ, ಅವರು ಹೆಚ್ಚು ಬಡ್ಡಿ ಕೇಳುತ್ತಾರೆ. ಅದಕ್ಕೇ ವಿಶ್ವಬ್ಯಾಂಕ್ ತನ್ನ ಸಾಲದ ಕರಾರಿನಲ್ಲಿ, ವಿದೇಶಿ ಸಾಲಕ್ಕಾಗಿ ಸಾರ್ವಜನಿಕ ಆಸ್ತಿ ಒತ್ತೆ ಇಟ್ಟರೆ ತನಗೂ ಸಮಾನ ಭದ್ರತೆ ಬೇಕೆಂದು ಬರೆಸಿಕೊಳ್ಳುತ್ತದೆ. ಒಂದು ವರ್ಷದೊಳಗಿನ ಮಾಮೂಲಿ ಬ್ಯಾಂಕ್ ವ್ಯವಹಾರದಂಥವಕ್ಕೆ ವಿನಾಯಿತಿ ಇದೆ.

ರಸ್ತೆ, ಕಟ್ಟಡಗಳದ್ದು ಇನ್ನೊಂದು ತೊಡಕು. ಪಾಕಿಸ್ತಾನ 2005ರಲ್ಲಿ ಲಾಹೋರ್–ಇಸ್ಲಾಮಾಬಾದ್ ಹೆದ್ದಾರಿಯನ್ನು ಆಧಾರವಾಗಿ ತೋರಿಸಿ 60 ಕೋಟಿ ಡಾಲರ್‌ನ ಸುಕುಕ್ ಪತ್ರ (ಬಡ್ಡಿಯ ಬದಲು ಆಸ್ತಿಯಲ್ಲಿ ಪಾಲು, ಅದರ ಬಾಡಿಗೆ ಕೊಡುವ ಇಸ್ಲಾಮಿಕ್ ಸಾಲಪತ್ರ) ಹೊರಡಿಸಿತು. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಹೂಡಿಕೆದಾರರು ರಸ್ತೆ ಹರಾಜು ಹಾಕುವಂತಿಲ್ಲ. ಸರ್ಕಾರವೇ ಮರಳಿ ಕೊಳ್ಳುವೆನೆಂದು ಕೊಟ್ಟ ಮಾತನ್ನೇ ನಂಬಬೇಕು.

ಹಿಂದೆ ನಿಜವಾದ ಚಿನ್ನವೇ ಇರಬೇಕು ಎನ್ನುವುದಾದರೆ ಗೋಲ್ಡ್ ಇಟಿಎಫ್ (ಷೇರುಪೇಟೆಯಲ್ಲಿ ಕೊಂಡು ಮಾರಬಹುದಾದ ಚಿನ್ನದ ನಿಧಿ) ನೋಡಿ: ಅಲ್ಲಿ ಗಟ್ಟಿ ಚಿನ್ನ ಪಾಲಕ ಸಂಸ್ಥೆಯ ವಶದಲ್ಲಿರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ನಿರ್ವಹಣೆಯ ವೆಚ್ಚ ಕಳೆಯುತ್ತದೆ. ಈಗಿರುವ ಗೋಲ್ಡ್ ಬಾಂಡನ್ನು ಭದ್ರತೆಯ ಭಯಕ್ಕೆ ಮಾರಬೇಡಿ. ಅವಧಿ 8 ವರ್ಷ, 5ನೇ ವರ್ಷದ ನಂತರ ಬಡ್ಡಿ ಬರುವ ದಿನಗಳಂದು ರಿಸರ್ವ್ ಬ್ಯಾಂಕಿಗೇ ಮರಳಿಸಬಹುದು.