ಏಳು ದಿನದ ಮನೆಗೆ ಹೋಗುವಾಗ

ಪ್ರೀತಿಯ ತಂಗಿ,

ನ್ಯೂಜೆರ್ಸಿಗೆ ಬಂದು ನಾಲ್ಕು ತಿಂಗಳಾಯಿತು ಎಂದು ಚಳಿ, ಮಕ್ಕಳ ಶಾಲೆ, ಒಂಟಿತನ ಎಲ್ಲದರ ಬಗ್ಗೆ ಕೇಳಿದ್ದೀರಿ. ಅವಕ್ಕೆ ನಿಧಾನವಾಗಿ ಬರೆಯುತ್ತೇನೆ. ಕೊನೆಯ ಪ್ರಶ್ನೆಗೆ ಮಾತ್ರ ಇವತ್ತೇ ಉತ್ತರ ಬೇಕು: ಪಕ್ಕದ ಮನೆಯ ಯಹೂದಿ ಅಜ್ಜಿ ತೀರಿಕೊಂಡರು, ನಿನ್ನೆ ಮಂಗಳವಾರ ಮಣ್ಣು ಮಾಡಿದರು, ನಮಗೆ ಯಾರೂ ಹೇಳಿ ಕಳುಹಿಸಿಲ್ಲ, ಹೋಗಬಹುದೇ, ಏನು ಒಯ್ಯಬೇಕು?

ಧಾರಾಳವಾಗಿ ಹೋಗಿ. ಸಾವಿನ ಮನೆಗೆ ಕರೆಯುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಅವರಲ್ಲೂ ಇಲ್ಲ. ಮಣ್ಣಾದ ದಿನದಿಂದ ಏಳು ದಿನ ಮನೆಯವರು ಹೊರಗೆ ಹೋಗದೆ ಕೂರುತ್ತಾರೆ, ಬಂದವರು ಬರುತ್ತಾರೆ. ಇದನ್ನು 'ಶಿವಾ' ಎನ್ನುತ್ತಾರೆ. ನಮ್ಮ ಶಿವನಿಗೂ ಇದಕ್ಕೂ ನಂಟಿಲ್ಲ, ಹೀಬ್ರೂವಿನ 'ಏಳು' ಎಂಬ ಪದದಿಂದ ಬಂದದ್ದು.

ನಾನು ಮಾಡಿದ ಎಡವಟ್ಟನ್ನು ನೀವು ಮಾಡಬೇಡಿ. ಹೈಲ್ಯಾಂಡ್ ಪಾರ್ಕ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಯಹೂದಿ ಅಜ್ಜ ಇದ್ದರು. ಮೊದಲ ಚಳಿಗಾಲದಲ್ಲಿ ನಾವು ಏಳುವ ಮೊದಲೇ ನಮ್ಮ ಬಾಗಿಲ ಮುಂದಿನ ಹಿಮವನ್ನೂ ಸಲಿಕೆಯಿಂದ ಎತ್ತಿ ಹಾಕಿರುತ್ತಿದ್ದರು. ಶನಿವಾರ ಅವರಿಗೆ ಕೆಲಸ ನಿಷಿದ್ಧ. ಆ ದಿನ ಹಿಮ ಬಿದ್ದರೆ ನಮ್ಮ ಯಜಮಾನರೇ ಎರಡೂ ಮನೆಯ ಮುಂದಿನದನ್ನು ಎತ್ತುತ್ತಿದ್ದರು. ಅಜ್ಜ ತೀರಿಕೊಂಡಾಗ ನಾನು ಬಿಳಿ ಹೂವಿನ ದೊಡ್ಡ ಗುಚ್ಛ ಕೊಂಡೆ, ಸ್ಟೀಲ್ ಡಬ್ಬಿಗೆ ಮೊಸರನ್ನ ತುಂಬಿಕೊಂಡೆ, ಹೋಗಿ ಕರೆಗಂಟೆ ಒತ್ತಿದೆ. ಮೂರೂ ತಪ್ಪು. ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ, ಯಾರೂ ಎದ್ದು ಬಂದು ತೆಗೆಯಬೇಕಾಗಬಾರದೆಂದು. ಸಾವಿನ ಮನೆಗೆ ಹೂವು ಒಯ್ಯುವುದು ಅವರ ವಾಡಿಕೆಯಲ್ಲ. ಮಡಿಯವರು ಹೊರಗಿನವರ ಅಡುಗೆಮನೆಯಲ್ಲಿ ಬೆಂದದ್ದನ್ನು ಮುಟ್ಟುವುದಿಲ್ಲ. ನಮ್ಮ ಅಜ್ಜಿಯ ಮಡಿ ಕಂಡವಳು ನಾನು, ನನಗೇ ಇದು ಹೊಳೆಯಬೇಕಿತ್ತು. ಅಜ್ಜನ ಮಗಳು ಏನೂ ಅನ್ನದೆ ಡಬ್ಬಿ ಇಸಿದುಕೊಂಡಳು. ನಡುಮನೆಯ ಕನ್ನಡಿಗೆ ಬೆಡ್‌ಶೀಟ್ ಹೊದಿಸಿದ್ದರು, ಮಗ ಮೋಟು ಸ್ಟೂಲಿನ ಮೇಲೆ ಕೂತಿದ್ದ, ಅಂಗಿ ಎದೆಯ ಎಡಕ್ಕೆ ಒಂದು ಗೇಣು ಹರಿದಿತ್ತು. ಹರಿದುಕೊಳ್ಳುವುದೇ ಶಾಸ್ತ್ರ.

ಅವರು ಬಾಯಿ ಬಿಡುವವರೆಗೆ ನೀವು ಸುಮ್ಮನಿರಿ. 'ವಯಸ್ಸಾಗಿತ್ತು, ಪುಣ್ಯವಂತರು, ನರಳಲಿಲ್ಲ' ಎಂಬ ನಮ್ಮ ಮಾತುಗಳು ಬೇಡ. ಅಜ್ಜಿ ನಿಮ್ಮ ಮಗುವಿಗೆ ಟೊಪ್ಪಿಗೆ ಹೆಣೆದುಕೊಟ್ಟದ್ದನ್ನು ಬರೆದಿದ್ದೀರಲ್ಲ, ಅದನ್ನು ಹೇಳಿ, ಸಾಧ್ಯವಾದರೆ ಆ ಟೊಪ್ಪಿಗೆಯನ್ನೂ ತೋರಿಸಿ. ಹೊರಡುವಾಗ ನಮ್ಮಲ್ಲಿ 'ಹೋಗಿ ಬರುತ್ತೇನೆ' ಎನ್ನುವುದಿಲ್ಲವಲ್ಲ, ಹಾಗೆಯೇ ಎದ್ದು ಬನ್ನಿ. ಯಾರೂ ಬಾಗಿಲವರೆಗೆ ಬರುವುದಿಲ್ಲ, ಬೇಸರಿಸಬೇಡಿ.

ಸ್ಮಶಾನಕ್ಕೆ ಹೋಗಬೇಕಿತ್ತೇ ಎಂದೂ ಕೇಳಿದ್ದೀರಿ. ಹೋಗಬಹುದಿತ್ತು, ಆಗಿಹೋಯಿತು ಬಿಡಿ. ಅಜ್ಜನನ್ನು ಮಣ್ಣು ಮಾಡುವಾಗ ನಮ್ಮ ಯಜಮಾನರು ಹೋಗಿದ್ದರು. ಸಾದಾ ಮರದ ಪೆಟ್ಟಿಗೆ. ಗುಂಡಿಗೆ ಮಣ್ಣನ್ನು ಬಂಧುಗಳೇ ಹಾಕಿದರು, ಮೊದಲ ಸಲ ಸಲಿಕೆಯನ್ನು ಬೋರಲು ಹಿಡಿದು, ಈ ಕೆಲಸಕ್ಕೆ ಆತುರವಿಲ್ಲ ಎನ್ನುವಂತೆ. ಸಲಿಕೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಮಣ್ಣಿಗೆ ಚುಚ್ಚಿಡುತ್ತಾರೆ, ಮುಂದಿನವರು ಎತ್ತಿಕೊಳ್ಳುತ್ತಾರೆ. ಕೆಲವೆಡೆ ತಮ್ಮವರಷ್ಟೇ ಹಾಕುವುದುಂಟು, ಇವರು ಹಿಂದೆಯೇ ನಿಂತಿದ್ದರು. ಅಜ್ಜನ ಮಗ ಕಣ್ಸನ್ನೆ ಮಾಡಿ ಸಲಿಕೆ ತೋರಿಸಿದ. ಮೂರು ಸಲ ಹಾಕಿ ಬಂದವರು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಸಾವಿನ ಮನೆಯಿಂದ ಬಂದ ಮೇಲೆ ಸ್ನಾನ ಮಾಡಬೇಕೇ ಎಂಬುದು ನಿಮ್ಮ ಅತ್ತೆಯವರಿಗೆ ಬಿಟ್ಟದ್ದು. ಯಹೂದಿಗಳೂ ಸ್ಮಶಾನದಿಂದ ಬರುವಾಗ ಕೈ ತೊಳೆಯುತ್ತಾರೆ ಎಂದು ಹೇಳಿ, ಸಮಾಧಾನವಾದೀತು. ವರ್ಷದ ದಿನವನ್ನೂ ಇಂಗ್ಲಿಷ್ ತಾರೀಖಿನಂತಲ್ಲ, ನಮ್ಮ ತಿಥಿಯ ಹಾಗೆ ಅವರ ಪಂಚಾಂಗದಂತೆ ನೋಡಿ ಒಂದು ಹಗಲು ರಾತ್ರಿ ದೀಪ ಉರಿಸುತ್ತಾರೆ.

ಇವತ್ತು ಬುಧವಾರ. ನಾಳೆ ಸಂಜೆ ಹೋಗಿ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಬೇಡ, ಅದು ಅವರ ವಾರದ ಪವಿತ್ರ ದಿನ. ಸೋಮವಾರ ಬೆಳಿಗ್ಗೆಗೆ ಶಿವಾ ಮುಗಿದೇಹೋಗುತ್ತದೆ. ಕೈಯಲ್ಲಿ ಏನಾದರೂ ಇರಲೇಬೇಕು ಎನಿಸಿದರೆ ಒಂದು ಡಜನ್ ಕಿತ್ತಳೆ ಒಯ್ಯಿರಿ, ಹೆಚ್ಚದೆ, ಇಡಿಯಾಗಿ.