ಓದುಗರ ಪ್ರಶ್ನೆ, ನಮ್ಮ ಉತ್ತರ: ಚೀನಾ ಫುಟ್‌ಬಾಲಿನ 2022

ಪ್ರಶ್ನೆ: ಸಾರ್, ನಮ್ ಮಗಳು ದಿನಾ ಸಂಜೆ ಸ್ಟೇಡಿಯಂಗೆ ಹೋಗಿ ಫುಟ್‌ಬಾಲ್ ಆಡ್ತಾಳೆ. ಚೀನಾದಲ್ಲಿ ಅಷ್ಟೊಂದು ಜನ, ಅಷ್ಟೊಂದು ದುಡ್ಡು ಇದ್ರೂ ಫುಟ್‌ಬಾಲ್‌ನಲ್ಲಿ ಹಿಂದೇನೇ ಅಂತಾರಲ್ಲ, ನಿಜಾನಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಅರ್ಧ ನಿಜ ಕಣಣ್ಣ. ಗಂಡಸರ ಟೀಮು ವರ್ಲ್ಡ್ ಕಪ್ ಆಡಿರೋದೇ ಒಂದ್ಸಲ, 2002ರಲ್ಲಿ, ಮೂರಕ್ಕೆ ಮೂರೂ ಸೋತು ಒಂದು ಗೋಲೂ ಹೊಡೀದೆ ವಾಪಸ್ ಬಂದ್ರು. 2022ರ ಫೆಬ್ರವರಿ 1 ಅವ್ರಿಗೆ ಹೊಸ ವರ್ಷದ ಹಬ್ಬ, ನಮಗೆ ಯುಗಾದಿ ಇದ್ದಂಗೆ, ಅವತ್ತೇ ಹನೋಯ್‌ನಲ್ಲಿ ವಿಯೆಟ್ನಾಂ ಕೈಲಿ 3-1 ಸೋತು ಆ ವರ್ಷದ ಕತಾರ್ ವರ್ಲ್ಡ್ ಕಪ್ ಆಸೆ ಬಿಟ್ರು.

ಇನ್ನರ್ಧ ಅದಾಗಿ ಐದೇ ದಿನಕ್ಕೆ ನಮ್ ದೇಶದಲ್ಲೇ ನಡೀತು. ಫೆಬ್ರವರಿ 6, ಭಾನುವಾರ, ಲತಾ ಮಂಗೇಶ್ಕರ್ ತೀರ್ಕೊಂಡ ದಿನ, ಮೈಸೂರಲ್ಲಿ ನಮ್ ಮನೆ ಟೀವಿ ತುಂಬಾ ಅದೇ ಸುದ್ದಿ, ನಾನು ಮೊಬೈಲ್ ಹಿಡ್ಕೊಂಡು ಜಗಲಿ ಮೇಲೆ ಕೂತಿದ್ದೆ. ನವಿ ಮುಂಬೈನಲ್ಲಿ ಮಹಿಳಾ ಏಷ್ಯನ್ ಕಪ್ ಫೈನಲ್, ಹಾಫ್ ಟೈಮಿಗೆ ದಕ್ಷಿಣ ಕೊರಿಯಾ 2, ಚೀನಾ 0. ಮುಗೀತು ಅಂತ ಎದ್ದು ಕಾಫಿಗೆ ಹೋದೋನು ವಾಪಸ್ ಬಂದು ಕೂತಿದ್ದು ಪುಣ್ಯ. 68ನೇ ನಿಮಿಷಕ್ಕೆ ಟಾಂಗ್ ಜಿಯಾಲಿ ಪೆನಾಲ್ಟಿ, ನಾಲ್ಕೇ ನಿಮಿಷ ಬಿಟ್ಟು ಜಾಂಗ್ ಲಿನ್ಯಾನ್ ಅನ್ನೋ ಗಿಡ್ಡ ಹುಡುಗಿ ತಲೇಲಿ ಕೊಟ್ಟು ಸಮ ಮಾಡಿದ್ಲು, ಆಮೇಲೆ 90 ನಿಮಿಷ ಮುಗಿದ್ಮೇಲೆ ಕೊಡೋ ಇಂಜುರಿ ಟೈಮ್ ಮೂರನೇ ನಿಮಿಷದಲ್ಲಿ ಸಬ್‌ಸ್ಟಿಟ್ಯೂಟ್ ಆಗಿ ಬಂದಿದ್ದ ಶಿಯಾವ್ ಯುಯಿ ಹೊಡೆದ್ಲು ನೋಡಿ, 3-2! ನಾನು ಕಿರುಚಿದ್ದಕ್ಕೆ ಒಳಗಿಂದ ಅಮ್ಮ ಓಡಿ ಬಂದ್ರು. ಅದಕ್ಕೂ ಮುಂಚೆ ಸೆಮಿಫೈನಲ್‌ನಲ್ಲಿ ಜಪಾನ್ ಮೇಲೆ ಎಕ್ಸ್‌ಟ್ರಾ ಟೈಮಲ್ಲಿ, 119ನೇ ನಿಮಿಷದಲ್ಲಿ ಸಮ ಮಾಡ್ಕೊಂಡು ಪೆನಾಲ್ಟಿ ಶೂಟೌಟಲ್ಲಿ ಗೆದ್ದಿದ್ರು. ಅದು ಅವ್ರ ಒಂಬತ್ತನೇ ಏಷ್ಯನ್ ಕಪ್, 2006ರ ನಂತರ ಮೊದಲ್ನೇದು, ಕೋಚ್ ಶುಯಿ ಚಿಂಗ್‌ಶಿಯಾ ಕೂಡ ಹೆಂಗಸೇ, ಹಿಂದೆ ಅದೇ ಟೀಮಲ್ಲಿ ಆಡಿದೋರು. ಆ ಸೆಕೆಂಡ್ ಹಾಫ್ ನಿಮ್ ಮಗಳಿಗೆ ಪೂರ್ತಿ ತೋರ್ಸಿ ಅಣ್ಣ, ಬರೀ ಹೈಲೈಟ್ಸ್ ಬೇಡ.

ಪ್ರಶ್ನೆ: ಆ ಟೂರ್ನಿ ನಮ್ಮಲ್ಲೇ ನಡೀತಲ್ಲ, ನಮ್ ಹುಡುಗೀರು ಏನಾದ್ರು?
– ಓದುಗಿ, ಶ್ರೀರಂಗಪಟ್ಟಣ

ಉತ್ತರ: ಇರಾನ್ ಜೊತೆ 0-0 ಆಡಿದ್ರು ಅಕ್ಕ, ಆಮೇಲೆ ಟೀಮಲ್ಲಿ ಕೋವಿಡ್ ಹಬ್ಬಿ ಚೈನೀಸ್ ತೈಪೇ (ಅಂದ್ರೆ ತೈವಾನ್) ಮ್ಯಾಚಿಗೆ ಇಳಿಯೋಕೇ ಆಟಗಾರ್ತಿಯರು ಸಾಲ್ಲಿಲ್ಲ, ಟೂರ್ನಿಯಿಂದ್ಲೇ ಹೊರಗೆ. ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಪ್ರಶ್ನೆ: ಅದೇ ವರ್ಷ ಚೀನಾ ಗಂಡಸರ ಕ್ಲಬ್‌ಗಳ ದೊಡ್ಡ ಲೀಗ್ ಆದ ಚೈನೀಸ್ ಸೂಪರ್ ಲೀಗ್‌ನಲ್ಲಿ ಎರಡು ಟೀಮಿಗೂ 78 ಪಾಯಿಂಟ್, ಕಪ್ ಮಾತ್ರ ವುಹಾನ್‌ಗೆ ಹೋಯ್ತು, ಯಾಕೆ ಸಾರ್?
– ವಿದ್ಯಾರ್ಥಿ, ಮೈಸೂರು

ಉತ್ತರ: ಗೋಲ್ ಡಿಫರೆನ್ಸ್ ಕಣಪ್ಪ, ಕ್ರಿಕೆಟ್‌ನಲ್ಲಿ ರನ್ ರೇಟ್ ನೋಡ್ತಾರಲ್ಲ ಹಂಗೆ. ಹೊಡೆದ ಗೋಲಲ್ಲಿ ತಿಂದ ಗೋಲು ಕಳೀತಾರೆ, ಅಲ್ಲಿ ವುಹಾನ್ ತ್ರೀ ಟೌನ್ಸ್, ಶಾಂಡಾಂಗ್ ತೈಶಾನ್‌ಗಿಂತ ಮುಂದಿತ್ತು. ಜೂನ್ 3ಕ್ಕೆ ಶುರುವಾಗಿ ಡಿಸೆಂಬರ್ 31ಕ್ಕೆ ಮುಗಿದ ಲೀಗು, 34 ಮ್ಯಾಚು, ಕೋವಿಡ್ ದೆಸೆಯಿಂದ ಶುರೂಲಿ ಎಲ್ಲಾ ಟೀಮನ್ನೂ ಮೂರೇ ಊರಲ್ಲಿ ಇಟ್ಟು ಆಡ್ಸಿದ್ರು. ವುಹಾನ್ ಕೆಳಗಿನ ಡಿವಿಷನ್‌ನಿಂದ ಅದೇ ಸೀಸನ್‌ಗೆ ಮೇಲೆ ಬಂದಿದ್ದು, ಬಂದ ವರ್ಷಾನೇ ಚಾಂಪಿಯನ್!

ನಂಗೆ ಬೇಜಾರಾಗಿದ್ದು ಗ್ವಾಂಗ್‌ಝೌ ಕಥೆ. ಎಂಟು ಸಲ ಲೀಗ್, 2013 ಮತ್ತೆ 2015ರಲ್ಲಿ ಏಷ್ಯಾ ಚಾಂಪಿಯನ್ಸ್ ಲೀಗ್ ಗೆದ್ದ ಕ್ಲಬ್ಬು, ಅದ್ರ ಹಿಂದಿದ್ದ ಎವರ್‌ಗ್ರಾಂಡ್ ಅನ್ನೋ ರಿಯಲ್ ಎಸ್ಟೇಟ್ ಕಂಪನಿ ಸಾಲದಲ್ಲಿ ಮುಳುಗ್ತು, ದೊಡ್ಡ ಆಟಗಾರರೆಲ್ಲ ಬಿಟ್ಟು ಹೋದ್ರು, ಉಳಿದ ಚಿಕ್ಕ ಹುಡುಗ್ರು ಆಡಿ ಆಡಿ ಸೋತು 2022ರಲ್ಲಿ ಕೆಳಗಿನ ಡಿವಿಷನ್‌ಗೆ ಬಿದ್ರು. 2025ರ ಜನವರೀಲಿ ಕ್ಲಬ್ಬೇ ಮುಚ್ಚೋಯ್ತು.